ಹದಿನಾಲ್ಕು ತಿಂಗಳು

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಕುದಾಪುರ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇರುವುದು ಇಲ್ಲೇ, 1,500 ಎಕರೆಯಲ್ಲಿ. ಅಪ್ಪನಿಗೆ ಕುರಿ, ಮೇಕೆ. ಗೋಡೆಯಾಚೆ ಏನು ಮಾಡುತ್ತಾರೋ ಎಂಬ ಕುತೂಹಲಕ್ಕೇ ನಾನು ವಿಜ್ಞಾನ ತೆಗೆದುಕೊಂಡೆ.

ಎಂ.ಎಸ್ಸಿ. ಆಯಿತು. ಎರಡನೇ ಸಲಕ್ಕೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಫೆಲೋಶಿಪ್ ಬಂತು. 2018ರಲ್ಲಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಸೇರಿದೆ. ಸ್ತನ ಕ್ಯಾನ್ಸರಿನ ಕೋಶಗಳು ಔಷಧಿಗೆ ಬಗ್ಗದೆ ಉಳಿಯುವುದು ಹೇಗೆ ಎಂಬುದು ವಿಷಯ. ಫೆಲೋಶಿಪ್ ತಿಂಗಳಿಗೆ 25,000, ಮರುವರ್ಷದಿಂದ 31,000. ಮೊದಲ ಹಣ ಕೈ ಸೇರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಪ್ಪ ಆರು ಟಗರು ಮಾರಿದ್ದ.

ಕೋಶ ಸಾಕುವುದಕ್ಕೆ ಭಾನುವಾರ, ಹಬ್ಬ ಇಲ್ಲ. 37 ಡಿಗ್ರಿ ಕಾವು ಬೇಕು. ಎರಡು ಮೂರು ದಿನಕ್ಕೊಮ್ಮೆ ಮೀಡಿಯಾ, ಅಂದರೆ ಕೋಶ ಬೆಳೆಯುವ ದ್ರವ, ಬದಲಿಸಬೇಕು. ಅದು ಕೆಂಪಗೆ ತಿಳಿಯಾಗಿರುತ್ತದೆ. ಬ್ಯಾಕ್ಟೀರಿಯಾ ಬಿದ್ದರೆ ರಾತ್ರಿ ಕಳೆಯುವುದರೊಳಗೆ ಹಳದಿಯಾಗಿ ಕದಡುತ್ತದೆ. ನನ್ನದು ಕದಡಲೇ ಇಲ್ಲ. ಆದರೆ ಈ ವಾರದ ಫಲಿತಾಂಶ ಮುಂದಿನ ವಾರ ಬರುತ್ತಿರಲಿಲ್ಲ. ಕೈ ಸರಿಯಿಲ್ಲ ಎಂದುಕೊಂಡೆ. ರಾತ್ರಿ ಇನ್ನಷ್ಟು ಹೊತ್ತು ಕೂತೆ. ಊಟ ಸೇರುತ್ತಿರಲಿಲ್ಲ. ಮನೆಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ.

2021ರ ನವೆಂಬರಿನಲ್ಲಿ ಸೀನಿಯರ್ ಒಬ್ಬರು ನನ್ನ ಕೋಶಗಳಿಗೆ ಪಿಸಿಆರ್ ಪರೀಕ್ಷೆ ಮಾಡಿಸಿದರು. ಎಲ್ಲ ಸ್ಯಾಂಪಲ್ಲುಗಳಲ್ಲೂ ಸೋಂಕಿನ ಗೆರೆ ಮೂಡಿತು. ಮೈಕೋಪ್ಲಾಸ್ಮಾ, ಮೀಡಿಯಾ ಕದಡದೆಯೇ ಬೆಳೆಯುವ ಬ್ಯಾಕ್ಟೀರಿಯಾ. ಅದಕ್ಕೆ ಕೋಶಭಿತ್ತಿ ಇಲ್ಲ, ಪೆನ್ಸಿಲಿನ್ ನಾಟುವುದಿಲ್ಲ. ಲಿಕ್ವಿಡ್ ನೈಟ್ರೋಜನ್ನಿನಲ್ಲಿ ತೆಗೆದಿಟ್ಟ ವಯಲ್ಲುಗಳಲ್ಲೂ ಇತ್ತು. ಲೆಕ್ಕ ಹಾಕಿದೆ. 14 ತಿಂಗಳ ಕೆಲಸ.

ಗೈಡ್ ಬೈಯಲಿಲ್ಲ. "ಎಲ್ಲ ಚೆಲ್ಲಿ, ಮೊದಲಿಂದ ಶುರು ಮಾಡು" ಅಂದರು. ಒಂದೊಂದೇ ಫ್ಲಾಸ್ಕಿಗೆ ಬ್ಲೀಚ್ ಸುರಿದೆ.

ಅಂದು ರಾತ್ರಿ ಅಪ್ಪನಿಗೆ ಹೇಳಿದೆ. ಮೇಕೆಗಳಿಗೆ ಶ್ವಾಸಕೋಶದ ರೋಗ ತರುವುದೂ ಇದೇ ಜಾತಿಯದು ಅಂದೆ. ಅದು ಅವನಿಗೆ ಗೊತ್ತಿದ್ದ ಕಾಯಿಲೆ.

"ಹೊಸದೇನಾದ್ರೂ ತಂದು ಬಿಟ್ಟಿದ್ದೇನವ್ವಾ?"

"ಹೂಂ ಅಪ್ಪ."

"ಬೇರೆ ಕಟ್ಟಿರಲಿಲ್ವಾ?"

ಕಟ್ಟಿರಲಿಲ್ಲ. ಲಾಕ್‌ಡೌನ್ ಮುಗಿದು ಲ್ಯಾಬ್ ತೆರೆದಾಗ ಪಕ್ಕದ ಲ್ಯಾಬಿನಿಂದ ಕೋಶ ತಂದಿದ್ದೆ. ಪರೀಕ್ಷೆಯಾಗುವವರೆಗೆ ಬೇರೆ ಇಡಬೇಕೆಂಬ ನಿಯಮ ನನಗೂ ಗೊತ್ತಿತ್ತು. ಅವಸರದಲ್ಲಿ ಬಿಟ್ಟೆ. ಅಪ್ಪ ಮತ್ತೇನೂ ಕೇಳಲಿಲ್ಲ. ಉಂಡೆಯಾ ಅಂದ.

2023ಕ್ಕೆ ಐದು ವರ್ಷ ಮುಗಿದು ಫೆಲೋಶಿಪ್ ನಿಂತಿತು. ಥೀಸಿಸ್ ಅರ್ಧದಲ್ಲಿತ್ತು. ರೂಮ್‌ಮೇಟ್ ನಾಲ್ಕು ತಿಂಗಳ ಮೆಸ್ ಬಿಲ್ ಕಟ್ಟಿದಳು. ಎರಡು ತಿಂಗಳದ್ದು ಇನ್ನೂ ಕೊಡುವುದಿದೆ. ಮರುವರ್ಷ ಪದವಿ ಬಂತು.

ಪೋಸ್ಟ್‌ಡಾಕ್‌ಗೆ ಹೊರದೇಶಗಳಿಗೆ 41 ಮೇಲ್ ಕಳಿಸಿದೆ. ಒಂದೇ ಪೇಪರ್ ಇದ್ದವಳಿಗೆ ಮೂರು ಉತ್ತರ ಬಂದವು, ಮೂರೂ ಇಲ್ಲ ಎಂದು. ಕಾಲೇಜಿನ ಕಾಯಂ ಹುದ್ದೆಗೆ ಅರ್ಜಿ ಕರೆಯುವುದೇ ಅಪರೂಪ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ವರ್ಷದ ಕಾಂಟ್ರಾಕ್ಟಿನ ಮೇಲಿದ್ದೇನೆ. ಬೇರೆಯವರ ಔಷಧಿಗಳನ್ನು ಕೋಶಗಳ ಮೇಲೆ ಪರೀಕ್ಷಿಸುವ ಕೆಲಸ. ಅದು ನನಗೆ ಬರುತ್ತದೆ.

ಊರಿಗೆ ಹೋದರೆ ಕ್ಯಾನ್ಸರ್ ಡಾಕ್ಟರ್ ಬಂದಿದ್ದಾಳೆಂದು ರಿಪೋರ್ಟು ಹಿಡಿದು ಬರುತ್ತಾರೆ. ನಾನು ಆ ಡಾಕ್ಟರಲ್ಲ ಎಂದರೂ ಕೂರುತ್ತಾರೆ. ಕಿದ್ವಾಯಿ ಆಸ್ಪತ್ರೆಯ ದಾರಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ರೇಷನ್ ಕಾರ್ಡು, ಆಧಾರ್ ಮರೆಯಬೇಡಿ, ಬೆಳಿಗ್ಗೆ ಬೇಗ ಹೋಗಿ ಎನ್ನುತ್ತೇನೆ.