ವರ್ಷದ ರಾಜ, ಊರಿನ ಮಳೆ

ಯುಗಾದಿಯ ಪಂಚಾಂಗ ಶ್ರವಣದಲ್ಲಿ ಲೋಕದ ಯುದ್ಧ, ರೋಗ, ಕ್ಷಾಮಗಳನ್ನು ಹೇಳುವ ಭಾಗ ಸಂವತ್ಸರ ಫಲ. ಅದರ ಲೆಕ್ಕ ಸರಳ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬರುತ್ತದೋ ಆ ವಾರದ ಗ್ರಹವೇ ವರ್ಷದ ರಾಜ. ಸೂರ್ಯ ಮೇಷಕ್ಕೆ ಕಾಲಿಟ್ಟ ವಾರದ ಒಡೆಯ ಮಂತ್ರಿ. ಆರಿದ್ರಾ ನಕ್ಷತ್ರ ಹೊಕ್ಕ ವಾರದವನು ಮೇಘಾಧಿಪತಿ. ಹೀಗೆ ಒಟ್ಟು ಒಂಬತ್ತು ಹುದ್ದೆ. ರವಿ, ಕುಜ, ಶನಿ ಕ್ರೂರರು. ವಾರದ ಏಳರಲ್ಲಿ ಮೂರು ದಿನ ಅವರದೇ ಆದ್ದರಿಂದ ಒಂದು ಹುದ್ದೆಯೂ ಅವರ ಪಾಲಾಗದ ವರ್ಷ ಅಪರೂಪ. ಆದಕಾರಣ ಎಲ್ಲೋ ಒಂದು ಕಡೆ ರಾಜರಿಗೆ ಕಲಹ, ಪ್ರಜೆಗೆ ಭಯ ಎಂಬ ಮಾತು ಪಂಚಾಂಗದಲ್ಲಿ ತಪ್ಪುವುದು ಕಷ್ಟ.

ನಂಜನಗೂಡು ತಾಲ್ಲೂಕಿನ ಕವಲಂದೆ ಸೀಮೆಯಂಥ, ಮಳೆ ನೋಡಿ ಬಿತ್ತುವ ಕಡೆ ಈ ಲೋಕಭಯಕ್ಕೆ ಹಿಂದೆ ಅಷ್ಟು ಗಿರಾಕಿ ಇರಲಿಲ್ಲ. ಇದನ್ನು ಬರೆಯುತ್ತಿರುವವನ ಅಜ್ಜಿಯ ಮನೆಯಲ್ಲಿ ಹಬ್ಬದ ಸಂಜೆ ಒಂಟಿಕೊಪ್ಪಲ್ ಪಂಚಾಂಗ ಓದಿಸುತ್ತಿದ್ದರು. ಪಶ್ಚಿಮ ದೇಶದಲ್ಲಿ ಯುದ್ಧ ಎಂಬಲ್ಲಿಗೆ ಬಂದರೆ ಅಜ್ಜಿಯದು ಒಂದೇ ಮಾತು: ‘ಅದ ಬುಡು ಮಗ, ಮಳೆ ಎಷ್ಟು ಕೊಳಗ ಅಂತ ಓದು.’ ಕುಜ ಸೇನಾಧಿಪತಿಯಾದರೂ ಆಕೆಗೆ ಚಿಂತೆಯಿಲ್ಲ, ಸಸ್ಯಾಧಿಪತಿ ಮಾತ್ರ ಒಳ್ಳೆಯವನಾಗಿರಬೇಕು.

ಆ ಅಲಕ್ಷ್ಯವನ್ನೂ ಕದಡಿದ್ದು 1962ರ ಅಷ್ಟಗ್ರಹ ಕೂಟ. ಫೆಬ್ರವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಂಟೂ ಮಕರದಲ್ಲಿ ಸೇರಿದವು. ಪ್ರಳಯವೇ ಆಗುತ್ತದೆಂಬ ಸುದ್ದಿ ದೇಶದ ತುಂಬ ಹಬ್ಬಿತು; ಊರೂರಲ್ಲಿ ಹೋಮ, ಭಜನೆ, ಶಾಂತಿ ನಡೆದವು. ಪ್ರಧಾನಿ ನೆಹರೂ ಇದನ್ನು ನಗೆಯಾಡಿದರು. ಮೂರು ದಿನ ಕಳೆದವು, ಏನೂ ಆಗಲಿಲ್ಲ. ಅಕ್ಟೋಬರಿನಲ್ಲಿ ಚೀನಾ ದಂಡೆತ್ತಿ ಬಂದಾಗ ಮಾತ್ರ ಫೆಬ್ರವರಿಯ ಗ್ರಹಗಳನ್ನು ಮತ್ತೆ ಕಟಕಟೆಗೆ ಎಳೆದದ್ದುಂಟು. ಫಲಕ್ಕೆ ಇಷ್ಟು ಉದ್ದದ ವಾಯಿದೆ ಕೊಟ್ಟರೆ ಯಾವ ಜ್ಯೋತಿಷ್ಯವೂ ಸೋಲುವುದಿಲ್ಲ.

ಕವಲಂದೆಯ ಮಗ್ಗುಲಲ್ಲೇ ಸಂವತ್ಸರ ಫಲದ ಪರೀಕ್ಷೆ ಈಚೆಗೆ ಎರಡು ಸಲ ನಡೆಯಿತು. 2019ರ ಯುಗಾದಿ ಏಪ್ರಿಲ್ 6, ಶನಿವಾರ. ವಿಕಾರಿ ಸಂವತ್ಸರಕ್ಕೆ ಶನಿಯೇ ರಾಜ. ಶನಿ ಆಳಿದ ವರ್ಷ ಮಳೆ ಕಡಿಮೆ ಎಂಬುದು ಶಾಸ್ತ್ರದ ಮಾತು. ಆ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿದಳು, ಮೈಸೂರು ರಸ್ತೆ ಬಂದಾಯಿತು. ಮರುವರ್ಷದ ಶಾರ್ವರಿಗೆ ರಾಜ ಬುಧ, ಮಂತ್ರಿ ಚಂದ್ರ, ಇಬ್ಬರೂ ಸೌಮ್ಯರು. ಯುಗಾದಿ ಬಿದ್ದದ್ದು 2020ರ ಮಾರ್ಚ್ 25ಕ್ಕೆ. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡ ಮೊದಲ ದಿನ ಅದು. ಕೆಲವೇ ದಿನಗಳಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ, ತಾಲ್ಲೂಕು ರಾಜ್ಯದ ಸುದ್ದಿಯಾಯಿತು.

ಸೌಮ್ಯರ ಆಳ್ವಿಕೆಯಲ್ಲಿ ಹೀಗಾದದ್ದಕ್ಕೆ ಟೀವಿಯ ಜ್ಯೋತಿಷಿಗಳು ತಡವರಿಸಲಿಲ್ಲ. ಹಿಂದಿನ ಡಿಸೆಂಬರಿನ ಕಡೆಯ ವಾರ, ಕಂಕಣ ಸೂರ್ಯಗ್ರಹಣದ ಹೊತ್ತಿಗೆ, ಧನುಸ್ಸಿನಲ್ಲಿ ಆರು ಗ್ರಹ ಕೂಡಿದ್ದನ್ನು ಹುಡುಕಿ ತೆಗೆದರು. ರಾಜ, ಮಂತ್ರಿಗಳ ಹೆಸರನ್ನು ಯಾರೂ ಎತ್ತಲಿಲ್ಲ. ಕವಲಂದೆಯ ಹೊಲಗಳಲ್ಲಿ ಆ ವರ್ಷವೂ ಮಳೆ ನಕ್ಷತ್ರ ಎಣಿಸಿಯೇ ಉತ್ತರು.