ಗಂಟು ಹಾಕದ ಹೊಲಿಗೆ

ಗಂಡುಹುಡುಗನಿಗೆ ಎಂತ ಕಸೂತಿ ಅಂತ ನಗಬೇಡಿ ಮಾರಾಯ್ರೆ, ಪೂರ್ತಿ ಕೇಳಿ.

ದಿನವಿಡೀ ಕೋಡು ಕುಟ್ಟುವ ನಾನು ಈ ಮಳೆಗಾಲದಲ್ಲಿ ಎರಡು ವಾರ ವರ್ಕ್ ಫ್ರಂ ಹೋಮ್ ಅಂತ ಆಲಂಕಾರಿಗೆ ಬಂದಿದ್ದೆ. (ಪುತ್ತೂರು ತಾಲೂಕು ಅಂತಲೇ ಬರೆದು ರೂಢಿ, ಈಗ ಕಡಬ!) ಜಡಿಮಳೆ, ಕರೆಂಟಿಲ್ಲ, ಹಾಗಾಗಿ ನೆಟ್ಟೂ ಇಲ್ಲ. ಬ್ಯಾಗಿನಲ್ಲಿ ಅಮ್ಮನಿಗೆ ಅಂತ ತಂದ ಪಂಚ್ ನೀಡಲ್ ಕಿಟ್ ಇತ್ತು.

ಒಂದು ಕಾಲದಲ್ಲಿ ಅಮ್ಮನ ಕಸೂತಿ ಇಲ್ಲದ ದಿಂಬು ನಮ್ಮ ಮನೆಯಲ್ಲಿ ಇರಲಿಲ್ಲ. ಕಣ್ಣು ಮಂಜಾದ ಮೇಲೆ ಸೂಜಿಗೆ ನೂಲು ಪೋಣಿಸಲಾಗದೆ ಬಿಟ್ಟಳು. ಅಪ್ಪ ಹೋದ ಮೇಲಂತೂ ಮಾತೂ ಕಮ್ಮಿ. ಫೋನ್ ಮಾಡಿದರೆ ಎರಡೇ ಪ್ರಶ್ನೆ.. ಊಟ ಆಯ್ತಾ, ಅಲ್ಲಿ ಮಳೆ ಉಂಟಾ.

ಈ ಸೂಜಿ ಪೆನ್ನಿನಷ್ಟು ದಪ್ಪ, ಒಳಗೆ ಟೊಳ್ಳು. ಉಲ್ಲನ್ ದಾರವನ್ನು ಟೊಳ್ಳಿನೊಳಗಿಂದ ಎಳೆದು ತುದಿಯ ಕಣ್ಣಿಗೆ ಹಾಕಿದರೆ ಆಯ್ತು. ಬಟ್ಟೆಯ ಹಿಂಬದಿಯಿಂದ ಹಿಡಿಕೆ ತಾಗುವವರೆಗೆ ಚುಚ್ಚಬೇಕು, ಸೂಜಿಯ ತುದಿ ಬಟ್ಟೆ ಬಿಟ್ಟು ಮೇಲೇಳದ ಹಾಗೆ ಎಳೆದು, ಸ್ವಲ್ಪ ಸರಿಸಿ, ಮತ್ತೆ ಚುಚ್ಚಬೇಕು. ಮುಂದಿನ ಬದಿಯಲ್ಲಿ ಕುಣಿಕೆಗಳು ಸಾಲಾಗಿ ನಿಲ್ತವೆ. ಅಕ್ಷರ ಮೂಡಿಸುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು.

ಅಮ್ಮ ಮುಟ್ಟಲಿಲ್ಲ. "ನೀನೇ ಮಾಡು" ಅಂದಳು. ಮಾಡಿದೆ. ಹತ್ತು ಕುಣಿಕೆ ಹಾಕಿದರೆ ಎಂಟು ಕಿತ್ತು ಬಂದವು! ಸೂಜಿ ಸರಿಯಿಲ್ಲ ಅಂತ ಬೈದೆ. ಅಮ್ಮ ಬಂದು ನೋಡಿ, "ದಾರ ನಿನ್ನ ಲ್ಯಾಪ್‌ಟಾಪಿನ ಅಡಿಯಲ್ಲಿ ಸಿಕ್ಕಿಕೊಂಡಿದೆ, ಮತ್ತೆ ಕುಣಿಕೆ ನಿಲ್ಲುವುದು ಹೇಗೆ?" ಅಂದಳು. ದಾರ ಸಡಿಲವಾಗಿ ಬರಬೇಕು, ಬಟ್ಟೆ ಬಿಗಿಯಾಗಿರಬೇಕು. ರಿಂಗಿನ ಬಟ್ಟೆಗೆ ಬೆರಳಲ್ಲಿ ತಟ್ಟಿ, "ಚೆಂಡೆಯ ಹಾಗೆ ಕೇಳಬೇಕು" ಅಂತ ಬಿಗಿಮಾಡಿ ಕೊಟ್ಟಳು. ಇಂಜಿನಿಯರಿಗೆ ಹೊಳೆಯದ ಬಗ್ ಅವಳಿಗೆ ಎರಡು ನಿಮಿಷದಲ್ಲಿ ಸಿಕ್ಕಿತು ನೋಡಿ.

"ಗಂಟು ಎಲ್ಲಿ ಹಾಕುವುದು?" ಕೇಳಿದಳು. ಗಂಟೇ ಇಲ್ಲ. ಧಾರವಾಡದ ಕಸೂತಿಯ ಗವಂತಿ, ಮುರ್ಗಿಯಲ್ಲೂ ಗಂಟಿಲ್ಲ, ಆದರೆ ಅಲ್ಲಿ ನೂಲು ಬಂದ ದಾರಿಯಲ್ಲೇ ವಾಪಸು ಹೋಗಿ ಎರಡೂ ಬದಿ ಒಂದೇ ಥರ ಆಗ್ತದೆ. ಇಲ್ಲಿ ಕುಣಿಕೆಯನ್ನು ಹಿಡಿಯುವುದು ನೇಯ್ಗೆಯ ಬಿಗಿ, ಮತ್ತೆ ಪಕ್ಕದ ಕುಣಿಕೆಗಳ ಒತ್ತು. ತುದಿ ಹಿಡಿದು ಎಳೆದರೆ ಸಾಲಿಗೆ ಸಾಲೇ ಬಿಚ್ಚಿ ಬರ್ತದೆ. ತಪ್ಪಾದರೆ ಚಿಂತೆಯಿಲ್ಲ, ಅಂಡೂ ಮಾಡಿದ ಹಾಗೆ!

ಕಿಟ್ಟಿನ ಬಟ್ಟೆ ಎರಡೇ ದಿನಕ್ಕೆ ಮುಗಿಯಿತು. ನನ್ನ ಹಳೇ ಲುಂಗಿಗೆ ಚುಚ್ಚಿದೆ, ಒತ್ತು ನೇಯ್ಗೆ, ದಪ್ಪ ಸೂಜಿಗೆ ಹರಿದೇ ಹೋಯಿತು. ಅಮ್ಮ ಒಳಗಿಂದ ಅಡಿಕೆ ತುಂಬುವ ಗೋಣಿಚೀಲ ಕತ್ತರಿಸಿ ತಂದಳು. ಅದಕ್ಕೆ ದಾರ ಚೆನ್ನಾಗಿ ಕೂತಿತು. ಆಮೇಲೆ ಓದಿದೆ, 19ನೇ ಶತಮಾನದಲ್ಲಿ ಅಮೆರಿಕದ ಹಳ್ಳಿಯವರೂ ಹಳೇ ಗೋಣಿಯ ಮೇಲೇ ಕುಣಿಕೆ ಎಬ್ಬಿಸಿ ನೆಲಹಾಸು ಮಾಡಿಕೊಳ್ತಿದ್ದರಂತೆ. ಅಮ್ಮ ಅದನ್ನೆಲ್ಲ ಓದಿರಲಿಲ್ಲ.

ಹೊರಡುವ ದಿನ ಕಿಟ್ ಮೇಜಿನ ಮೇಲೇ ಬಿಟ್ಟು ಬಂದೆ, ಏನೂ ಹೇಳಲಿಲ್ಲ. ಮೊನ್ನೆ ಫೋನು ಬಂತು. ಊಟ ಆಯ್ತಾ, ಮಳೆ ಉಂಟಾ.. ಮತ್ತೆ ಮೂರನೇ ಪ್ರಶ್ನೆ.

"ಬರುವಾಗ ಹಸಿರು ಉಲ್ಲನ್ ತರ್ತೀಯಾ? ಎಲೆಗೆ ಸಾಲುವುದಿಲ್ಲ."