ಹೊಳೆಹಸುವಿನ ಮೇವು

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯ ಅನುವಾದದ ಕಿರುಪರೀಕ್ಷೆಗೆ ಅಮೆಜಾನ್ ನದಿಯ ಮ್ಯಾನಟಿಯನ್ನು ಕುರಿತ ಇಂಗ್ಲಿಷ್ ಗದ್ಯಭಾಗವೊಂದನ್ನು ಕೊಟ್ಟಿದ್ದೆ. ಮೂಲದಲ್ಲಿ ‘ಸೀ ಕೌ’ ಎಂದಿದ್ದ ಕಡೆ ವಿದ್ಯಾರ್ಥಿನಿಯೊಬ್ಬಳು ‘ಹೊಳೆಹಸು’ ಎಂದು ಬರೆದಿದ್ದಳು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ‘ಕಡಲಹಸು’ ಎಂದು ತಿದ್ದಿ, ಒಂದು ಅಂಕವನ್ನು ಕಳೆದೆ. ಮೂಲನಿಷ್ಠೆಯನ್ನು ಕಾಪಾಡಿದೆನೆಂಬ ಸಮಾಧಾನ ನನಗಿತ್ತು. ಮುಂದೆ ಆ ಪ್ರಾಣಿಯ ಆಹಾರಕ್ರಮವನ್ನು ಕುರಿತು ಓದಿದಾಗ ತಪ್ಪು ಯಾರದೆಂಬುದು ತಿಳಿಯಿತು.

ಸಿರೇನಿಯ ಗಣದಲ್ಲಿ ಇಂದು ಉಳಿದಿರುವುದು ನಾಲ್ಕೇ ಪ್ರಭೇದಗಳು. ಡುಗಾಂಗ್ ಕಡಲಿನದು. ವೆಸ್ಟ್ ಇಂಡಿಯನ್ ಮತ್ತು ಆಫ್ರಿಕನ್ ಮ್ಯಾನಟಿಗಳು ಕಡಲು, ಅಳಿವೆ, ನದಿಗಳ ನಡುವೆ ಸಂಚರಿಸುತ್ತವೆ. ಅಮೆಜಾನಿನ ಮ್ಯಾನಟಿಯೊಂದೇ ಸಂಪೂರ್ಣವಾಗಿ ಸಿಹಿನೀರಿನ ಜೀವಿ. ಅದರ ಮೇವೂ ಸಿಹಿನೀರಿನದೇ. ಮಳೆಗಾಲದಲ್ಲಿ ನದಿಯು ಹತ್ತು ಮೀಟರಿಗೂ ಮಿಗಿಲಾಗಿ ಏರಿ ಕಾಡಿನೊಳಗೆ ಹರಡಿದಾಗ, ನೀರಿನೊಡನೆ ಹುಲ್ಲೂ ಬೆಳೆದು ತೇಲುವ ಹುಲ್ಲುಗಾವಲುಗಳು ಸಿದ್ಧವಾಗುತ್ತವೆ. ಪಾಸ್ಪಾಲಮ್, ಎಕೈನೋಕ್ಲೋವಾ ಕುಲಗಳ ಹುಲ್ಲುಗಳ ಜೊತೆಗೆ ಅಂತರಗಂಗೆಯನ್ನೂ ನೀಲಿಹೂವಿನ ವಾಟರ್ ಹಯಸಿಂತನ್ನೂ ಅದು ಮೇಯುತ್ತದೆ. ಈ ಕೊನೆಯ ಗಿಡ ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಮುಚ್ಚಿರುವ ಕಳೆಯೇ. ನಾವು ಯಂತ್ರಗಳಿಂದ ತೆಗೆಸುವ ಹಸಿರು, ತನ್ನ ತವರಿನಲ್ಲಿ ಮೇವಾಗಿದೆ.

ದಿನವೊಂದಕ್ಕೆ ಅದು ತನ್ನ ತೂಕದ ಶೇಕಡಾ 8ರಷ್ಟನ್ನು ತಿನ್ನಬಲ್ಲದು. ಎಂದರೆ 300 ಕಿಲೋ ತೂಗುವ ಪ್ರಾಣಿಗೆ ಸುಮಾರು 24 ಕಿಲೋ ಹಸಿಮೇವು. ಹುಲ್ಲಿನಲ್ಲಿರುವ ಸಿಲಿಕಾ ಹಲ್ಲನ್ನು ಸವೆಸುತ್ತದೆ. ಆದುದರಿಂದ ದವಡೆಯ ಹಿಂದೆ ಹೊಸ ಹಲ್ಲುಗಳು ಹುಟ್ಟಿ, ಸಾಲಾಗಿ ಮುಂದಕ್ಕೆ ಸರಿದು, ಸವೆದವು ಉದುರುತ್ತವೆ. ಈ ಕ್ರಮ ಜೀವಮಾನವಿಡೀ ನಡೆಯುತ್ತದೆ. ಅದು ಹಸುವಿನಂತೆ ಮೆಲುಕು ಹಾಕುವುದಿಲ್ಲ. ಕುದುರೆಯಲ್ಲಿ ಆಗುವಂತೆ ಅದರ ಮೇವು ಹಿಂಗರುಳಿನಲ್ಲಿ ಹುದುಗಿ ಜೀರ್ಣವಾಗುತ್ತದೆ. ಹಾಗಾಗಿ ‘ಹಸು’ ಎಂಬುದೂ ಅರ್ಧಸತ್ಯವೇ. ಬ್ರೆಜಿಲಿನ ಪೋರ್ಚುಗೀಸ್ ಭಾಷೆಯಲ್ಲಿ ಅದನ್ನು ‘ಮೀನೆತ್ತು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅದು ಮೀನೂ ಅಲ್ಲ, ಎತ್ತೂ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದರ ಉಪವಾಸ. ಬೇಸಿಗೆಯಲ್ಲಿ ನೀರು ಇಳಿದಾಗ ಹುಲ್ಲುಗಾವಲು ದಡದ ಮೇಲೆ ಒಣಗಿ ಉಳಿಯುತ್ತದೆ; ಮ್ಯಾನಟಿಗಳು ಆಳವಾದ ಸರೋವರಗಳಿಗೆ ಸರಿಯುತ್ತವೆ. ಅಲ್ಲಿ ಅವು ತಿಂಗಳುಗಟ್ಟಲೆ ಮೇವಿಲ್ಲದೆ, ಮಳೆಗಾಲದಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಬದುಕುವುದನ್ನು 1983ರಲ್ಲಿ ರಾಬಿನ್ ಬೆಸ್ಟ್ ಎಂಬ ವಿಜ್ಞಾನಿ ವಿವರಿಸಿದರು. ಅವುಗಳ ಚಯಾಪಚಯ ಬಹು ಮಂದ. ಹಾಗಾಗಿ ಇದು ಸಾಧ್ಯ. ಹೆಚ್ಚಿನ ಮರಿಗಳು ಹುಟ್ಟುವುದೂ ನೀರು ಏರುವ ಕಾಲದಲ್ಲಿಯೇ. ಹಸಿವು, ತೃಪ್ತಿ, ಹುಟ್ಟು ಮೂರಕ್ಕೂ ನದಿಯೇ ಪಂಚಾಂಗ. ಮಾಂಸಕ್ಕಾಗಿ, ತೊಗಲಿಗಾಗಿ ಅವನ್ನು ಬೇಟೆಯಾಡಿದವರಿಗೂ ಈ ಪಂಚಾಂಗ ತಿಳಿದಿತ್ತು: ನೀರು ಕುಗ್ಗಿದಾಗ ಅವು ಸುಲಭವಾಗಿ ಸಿಗುತ್ತಿದ್ದವು. ಬ್ರೆಜಿಲ್ 1967ರಲ್ಲಿ ಕಾನೂನಿನ ರಕ್ಷಣೆ ನೀಡಿದರೂ ಈ ಪ್ರಭೇದ ಇಂದಿಗೂ ಅಪಾಯದಂಚಿನಲ್ಲಿದೆ.

ಇಂಥ ಪ್ರಾಣಿಗೆ ನಾನು ಕಡಲನ್ನು ಅಂಟಿಸಿದ್ದೆ. ಆ ಹುಡುಗಿ ಗದ್ಯಭಾಗವನ್ನು ಕೊನೆಯವರೆಗೆ ಓದಿ, ಅದು ಎಲ್ಲಿ ಮೇಯುತ್ತದೆಂಬುದನ್ನು ತಿಳಿದು ಹೆಸರಿಟ್ಟಿದ್ದಳು. ನಾನು ಒಂದು ಪದವನ್ನಷ್ಟೇ ನೋಡಿದ್ದೆ. ಆಕೆ ಈಗ ಎಲ್ಲಿದ್ದಾಳೋ ಅರಿಯೆ. ಕಳೆದ ಅಂಕವನ್ನು ಹಿಂದಿರುಗಿಸುವಂತಿಲ್ಲ. ಪ್ರತಿವರ್ಷ ಅದೇ ಗದ್ಯಭಾಗವನ್ನು ತರಗತಿಯಲ್ಲಿ ಓದಿಸಿ, ನನ್ನ ತಪ್ಪನ್ನು ಹೇಳಿ, ಹಲಗೆಯ ಮೇಲೆ ‘ಹೊಳೆಹಸು’ ಎಂದು ಬರೆಯುತ್ತೇನೆ.